ಬೀದಿ ಬಂತು, ಬೀದಿಯ ಪಂಚಾಯಿತಿ ಬರಲಿಲ್ಲ

ಜಗಲಿಕಟ್ಟೆ:

ಕಳೆದ ಭಾನುವಾರ ಹಳೆಯ ಹಾರ್ಡ್ ಡಿಸ್ಕೊಂದನ್ನು ಗುಜರಿಗೆ ಹಾಕುವ ಮುನ್ನ ತೆರೆದು ನೋಡಿದೆ. 2007ರಲ್ಲಿ ಸೆಕೆಂಡ್ ಲೈಫ್ ಒಳಗೆ ತೆಗೆದ ಇಪ್ಪತ್ತಮೂರು ಚಿತ್ರಗಳು ಸಿಕ್ಕವು. ಗೊತ್ತಿಲ್ಲದವರಿಗಾಗಿ ಎರಡು ಮಾತು: ಅಲ್ಲಿ ಗೆಲ್ಲುವುದು ಸೋಲುವುದು ಇಲ್ಲ, ಆದ್ದರಿಂದ ಅದನ್ನು ಆಟ ಎನ್ನಲು ಬಾರದು. ಲಿಂಡೆನ್ ಲ್ಯಾಬ್ ಎಂಬ ಅಮೆರಿಕದ ಕಂಪನಿ 2003ರ ಜೂನ್‌ನಲ್ಲಿ ತೆರೆದ, ಇಂದಿಗೂ ನಡೆಯುತ್ತಿರುವ, ಕಂಪ್ಯೂಟರ್ ಪರದೆಯೊಳಗಿನ ಊರು ಅದು. ಮನೆ, ಅಂಗಡಿ, ಬಟ್ಟೆ, ತಲೆಗೂದಲು ಎಲ್ಲವನ್ನೂ ಒಳಗೆ ಹೋದವರೇ ಮಾಡಿ ಲಿಂಡೆನ್ ಡಾಲರ್‌ಗೆ ಮಾರುತ್ತಾರೆ. ಆ ನಾಣ್ಯವನ್ನು ನಿಜವಾದ ಡಾಲರ್ ಮಾಡಿಕೊಳ್ಳಬಹುದು.

ಆಗ ನನಗಿದ್ದದ್ದು 256 ಕೆಬಿಪಿಎಸ್‌ನ ನಿಧಾನದ ಇಂಟರ್ನೆಟ್ ಸಂಪರ್ಕ. ಒಳಗೆ ಕಾಲಿಟ್ಟ ಕೂಡಲೇ ಲೋಕವೆಲ್ಲ ಬೂದು ಬಣ್ಣ. ನೆಲ ಬೂದು, ಮರ ಬೂದು, ಎದುರಿಗೆ ನಿಂತ ಮನುಷ್ಯರೂ ಬೂದು. ಚಹಾ ಮಾಡಿಕೊಂಡು ಬರುವಷ್ಟರಲ್ಲಿ ಒಂದೊಂದಕ್ಕೇ ಬಣ್ಣ ಬರುತ್ತಿತ್ತು: ಮೊದಲು ಒಂದು ಗೋಡೆ, ಆಮೇಲೆ ಯಾರದೋ ಷರ್ಟಿನ ಚೌಕಳಿ. ಯಾರದಾದರೂ ರೂಪದ ವಿವರ ಬರುವುದು ತಡವಾದರೆ ತಂತ್ರಾಂಶ ತನ್ನ ಬಳಿ ಸಿದ್ಧವಿದ್ದ ಒಂದೇ ಹೆಣ್ಣಿನ ಮೈಯನ್ನು ಅವರಿಗೆ ತೊಡಿಸಿಬಿಡುತ್ತಿತ್ತು. ಆ ಮೈಗೆ ಅಲ್ಲಿಯವರು ಇಟ್ಟುಕೊಂಡಿದ್ದ ಹೆಸರು ರೂತ್. ಅರ್ಧ ಗಂಟೆ ಕೂತು ಮೀಸೆ ತಿದ್ದಿಕೊಂಡ ನಾನು ಎಷ್ಟೋ ಸಂಜೆ ರೂತ್ ಆಗಿಯೇ ನಿಂತಿರುತ್ತಿದ್ದೆ.

ಯುರೋಪಿನ ಒಬ್ಬ ಹೆಂಗಸಿನಿಂದ 512 ಚದರ ಮೀಟರ್ ಜಾಗವನ್ನು ಬಾಡಿಗೆಗೆ ಹಿಡಿದು ಮಲೆನಾಡಿನ ಜಗಲಿ ಕಟ್ಟಿದೆ. ಅಷ್ಟು ಜಾಗಕ್ಕೆ ಆಗ 117 ಪ್ರಿಮ್‌ಗಳ ಮಿತಿ. ಪ್ರಿಮ್ ಎಂದರೆ ಅಲ್ಲಿಯ ಇಟ್ಟಿಗೆ: ಪೆಟ್ಟಿಗೆ, ಉರುಳೆ, ಗೋಳ. ನಾಲ್ಕು ಮುಂಡಿಗೆಗಳ ಕೆತ್ತನೆಗೇ ಅರ್ಧದಷ್ಟು ಖರ್ಚಾಯಿತು. ಹಂಚಿನ ಮಾಡು ಮುಗಿಯುವ ಹೊತ್ತಿಗೆ ಬಾಗಿಲಿಗೆ ಒಂದೂ ಉಳಿಯಲಿಲ್ಲ. ನೆರೆಯ ಬ್ರೆಜಿಲಿನವನು ಬಂದು, ಇದು ನಾಟಕದ ರಂಗವೇ ಎಂದು ಕೇಳಿದ್ದ.

ಬಹಳ ವರ್ಷಗಳ ನಂತರ ನೀಲ್ ಸ್ಟೀಫನ್‌ಸನ್ 1992ರಲ್ಲಿ ಬರೆದ ‘ಸ್ನೋ ಕ್ರ್ಯಾಶ್’ ಓದಿದೆ. ಕಂಪ್ಯೂಟರಿನೊಳಗಿನ ಇಂಥ ಲೋಕಕ್ಕೆ ಮೆಟಾವರ್ಸ್ ಎಂಬ ಮಾತು ಹುಟ್ಟಿದ್ದೇ ಆ ಕಾದಂಬರಿಯಲ್ಲಿ. ಅದರೊಳಗೆ ಒಂದು ಬೀದಿ ಇದೆ, 65,536 ಕಿಲೋಮೀಟರ್ ಉದ್ದ. ನನಗೆ ಮೈ ಜುಮ್ಮೆಂದಿತು. ಏಕೆಂದರೆ ಸೆಕೆಂಡ್ ಲೈಫ್‌ನ ಒಂದು ‘ರೀಜನ್’ 256 ಮೀಟರ್ ಉದ್ದ, 256 ಮೀಟರ್ ಅಗಲ. ಗುಣಿಸಿ ನೋಡಿ: 65,536 ಚದರ ಮೀಟರ್! ಆಮೇಲೆ ಜುಮ್ಮು ಇಳಿಯಿತು. ಎರಡನ್ನು ಹದಿನಾರು ಬಾರಿ ಗುಣಿಸಿದರೆ ಬರುವ ಸಂಖ್ಯೆ ಅದು, ಕಂಪ್ಯೂಟರಿನವರ ನೂರೊಂದು ಇದ್ದ ಹಾಗೆ. ಭವಿಷ್ಯವಾಣಿಯೇನೂ ಅಲ್ಲ.

ನನ್ನ ತಕರಾರು ಬೇರೆ. ಕಾದಂಬರಿಯ ಬೀದಿ ಒಂದು ಕಂಪನಿಯ ಆಸ್ತಿಯಲ್ಲ. ಕಂಪ್ಯೂಟರ್ ಎಂಜಿನಿಯರುಗಳ ಸಂಘದ ಒಂದು ಸಮಿತಿ ಅದರ ನಿಯಮಗಳನ್ನು ನೋಡಿಕೊಳ್ಳುತ್ತದೆ. ಕಟ್ಟಡ ಕಟ್ಟಬೇಕಾದವರು ಅನುಮತಿ ಪಡೆಯಬೇಕು, ಪರವಾನಗಿ ಮಾಡಿಸಬೇಕು, ತಪಾಸಣೆಗೆ ಬಂದವರ ಕೈ ಬಿಸಿ ಮಾಡಬೇಕು. ಆ ಜಾಗದ ಹಣ ಒಂದು ನಿಧಿಗೆ ಹೋಗಿ ಬೀದಿಯ ಯಂತ್ರಗಳ ಖರ್ಚಿಗೆ ಒದಗುತ್ತದೆ. ಲಂಚ ಸಮೇತವಾದ ಪಂಚಾಯಿತಿ! ಕಾದಂಬರಿಯಿಂದ ಅವತಾರವನ್ನು (ಪರದೆಯೊಳಗೆ ನಮ್ಮ ಬದಲು ಓಡಾಡುವ ರೂಪ) ತಂದವರು, ಜಮೀನನ್ನು ತಂದವರು, ಆ ಲೋಕವನ್ನು ಕಣ್ಣ ಮುಂದೆ ತೋರಿಸುವ ಕನ್ನಡಕವನ್ನು ತಂದವರು ಈ ಪಂಚಾಯಿತಿಯನ್ನು ಮಾತ್ರ ಪುಟದಲ್ಲೇ ಬಿಟ್ಟು ಬಂದರು. ನನ್ನದು ತಪ್ಪು ಎನಿಸಿದರೆ ಹೇಳಿ.

ರಾತ್ರಿಪಾಳಿ:

ಜಗಲಿಯವರೇ, ನಾನು ಈವ್ ಆನ್‌ಲೈನ್‌ನಲ್ಲಿ ಒಂಬತ್ತು ವರ್ಷ ಕಳೆದವನು. ಐಸ್‌ಲ್ಯಾಂಡಿನ ಸಿಸಿಪಿ ಕಂಪನಿಯ ಲೋಕ ಅದು, ಶುರುವಾದದ್ದು 2003ರ ಮೇ ತಿಂಗಳಲ್ಲಿ. ನೌಕೆಗಳು, ನಕ್ಷತ್ರಗಳು, ಸಾವಿರಾರು ಜನರ ಒಕ್ಕೂಟಗಳು, ಮುಗಿಯದ ಜಗಳ.

ವೈಜ್ಞಾನಿಕ ಕಾದಂಬರಿಗಳಲ್ಲಿ ಬಾಹ್ಯಾಕಾಶದ ಯುದ್ಧ ಹೇಗೆ ಶುರುವಾಗುತ್ತದೆ? ರಾಜಕುಮಾರಿಯ ಅಪಹರಣ, ಅನ್ಯಗ್ರಹದವರ ದಾಳಿ, ಹೀಗೆ ಏನಾದರೊಂದು. ನಮ್ಮ ಲೋಕದ ಅತ್ಯಂತ ಪ್ರಸಿದ್ಧ ಯುದ್ಧ, 2014ರ ಜನವರಿ 27ರದ್ದು, ಶುರುವಾದದ್ದು ಬಿಲ್ ಕಟ್ಟದೆ ಹೋದದ್ದರಿಂದ. ಒಂದು ಒಕ್ಕೂಟ ತನ್ನ ನೌಕಾನೆಲೆ ಇದ್ದ ನಕ್ಷತ್ರವ್ಯೂಹಕ್ಕೆ ಕಟ್ಟಬೇಕಿದ್ದ ಒಡೆತನದ ಶುಲ್ಕ ಸಂದಾಯವಾಗಲಿಲ್ಲ. ಒಡೆತನ ತಪ್ಪಿತು, ಎದುರಾಳಿಗಳು ನುಗ್ಗಿದರು. ಸುಮಾರು 21 ಗಂಟೆಗಳ ಕಾಳಗ, ಏಳೂವರೆ ಸಾವಿರಕ್ಕೂ ಹೆಚ್ಚು ಪಾತ್ರಧಾರಿಗಳು, ಸುಟ್ಟುಹೋದ 75 ಟೈಟನ್ ನೌಕೆಗಳು. ಟೈಟನ್ ಎಂದರೆ ಕಟ್ಟಲು ತಿಂಗಳುಗಟ್ಟಲೆ ಹಿಡಿಯುವ ಬೆಟ್ಟದಂಥ ಹಡಗು. ನಷ್ಟವನ್ನು ನಿಜವಾದ ಹಣಕ್ಕೆ ಇಳಿಸಿದರೆ ಮೂರು ಲಕ್ಷ ಡಾಲರ್ ದಾಟುತ್ತದೆ ಎಂದು ಲೆಕ್ಕ ಹಾಕಿದರು. ಕರೆಂಟ್ ಬಿಲ್ ಕಟ್ಟಲು ಮರೆತು ಮನೆ ಕಳೆದುಕೊಂಡ ಹಾಗೆ.

ಅಂಥ ಕಾಳಗ ಒಳಗಿನಿಂದ ಹೇಗಿರುತ್ತದೆ ಎಂದರೆ ನೀವು ನಗುತ್ತೀರಿ. ಒಂದೇ ಜಾಗಕ್ಕೆ ಸಾವಿರಾರು ಜನ ಬಂದರೆ ಸರ್ವರ್ ತಡೆಯುವುದಿಲ್ಲ. ಕುಸಿದು ಬೀಳುವ ಬದಲು ಅದು ಆ ಜಾಗದ ಕಾಲವನ್ನೇ ನಿಧಾನ ಮಾಡುತ್ತದೆ, ಹತ್ತರಲ್ಲಿ ಒಂದು ಪಾಲಿನವರೆಗೆ. ಒಂದು ನಿಮಿಷದ ಕೆಲಸಕ್ಕೆ ಹತ್ತು ನಿಮಿಷ. ನಾನೊಮ್ಮೆ ಬಂದೂಕಿನ ಗುಂಡಿ ಒತ್ತಿ, ಕುಕ್ಕರ್ ಇಟ್ಟು, ಮೂರು ಸೀಟಿ ಕೂಗಿಸಿ ಇಳಿಸಿ ಬಂದೆ. ಗುರಿ ಇನ್ನೂ ಹಿಡಿಯುತ್ತಲೇ ಇತ್ತು. ಜನಸಂದಣಿ ಹೆಚ್ಚಿದಷ್ಟೂ ಗಡಿಯಾರ ನಿಲ್ಲುತ್ತಾ ಬರುವ ಲೋಕವನ್ನು ಯಾವ ಕಾದಂಬರಿಕಾರನೂ ಊಹಿಸಿರಲಿಲ್ಲ.

ಪುಸ್ತಕದ ಹುಳು:

ರಾತ್ರಿಪಾಳಿಯವರೇ, ಊಹಿಸಿದ್ದ. ಗ್ರೆಗ್ ಈಗನ್, ‘ಪರ್ಮ್ಯುಟೇಶನ್ ಸಿಟಿ’, 1994. ಅದರಲ್ಲಿ ಮನುಷ್ಯರ ಮನಸ್ಸಿನ ನಕಲುಗಳು ಕಂಪ್ಯೂಟರಿನೊಳಗೆ ಬದುಕುತ್ತವೆ. ಎಷ್ಟೇ ದುಡ್ಡು ಸುರಿದರೂ ಆ ನಕಲುಗಳು ಹೊರಗಿನ ಕಾಲಕ್ಕಿಂತ ಹದಿನೇಳು ಪಟ್ಟು ನಿಧಾನ. ಬಡ ನಕಲುಗಳದ್ದು ಇನ್ನೂ ನಿಧಾನ. ಅಗ್ಗದ ಯಂತ್ರದಲ್ಲಿ ಒದ್ದಾಡುತ್ತಾ, ಹೊರಗಿನ ಲೋಕ ತಮ್ಮನ್ನು ದಾಟಿ ಓಡುವುದನ್ನು ನೋಡುತ್ತಾ ಇರುತ್ತಾರೆ. ನಿಮ್ಮ ಈವ್‌ನಲ್ಲಿ ಕಾಲ ಎಲ್ಲರಿಗೂ ಒಂದೇ ಸಮ ನಿಧಾನವಾಗುತ್ತದೆ, ಅಷ್ಟರ ಮಟ್ಟಿಗೆ ಅದು ಸಮಾಜವಾದಿ.

ಜಗಲಿಯವರ ಮಾತಿಗೆ ಒಂದು ತಿದ್ದುಪಡಿ. ಕಾದಂಬರಿ ಮೊದಲು, ಲೋಕ ಆಮೇಲೆ ಎಂಬ ಸಾಲು ಅಷ್ಟು ನೇರವಾಗಿಲ್ಲ. ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಮತ್ತು ರಿಚರ್ಡ್ ಬಾರ್ಟಲ್ ಮಡ್ ಎಂಬ, ಚಿತ್ರಗಳಿಲ್ಲದ ಬರೀ ಅಕ್ಷರಗಳ ಲೋಕ ಕಟ್ಟಲು ಶುರು ಮಾಡಿದ್ದು 1978ರಲ್ಲಿ. ಕಾದಂಬರಿಕಾರ ವಿಲಿಯಂ ಗಿಬ್ಸನ್ ಸೈಬರ್‌ಸ್ಪೇಸ್ ಎಂಬ ಮಾತನ್ನು ಟಂಕಿಸಿದ್ದು 1982ರ ಒಂದು ಕಥೆಯಲ್ಲಿ. ‘ನ್ಯೂರೋಮ್ಯಾನ್ಸರ್’ ಕಾದಂಬರಿ ಬರೆದಾಗಲೂ ಆತನ ಮೇಜಿನ ಮೇಲಿದ್ದದ್ದು ಟೈಪ್‌ರೈಟರ್. ಇನ್ನು ಲೂಕಾಸ್‌ಫಿಲ್ಮ್ ಗೇಮ್ಸ್‌ನ ಹ್ಯಾಬಿಟಾಟ್ ನೋಡಿ. 1986ರ ಹೊತ್ತಿಗೇ ಕಮಡೋರ್ 64 ಎಂಬ ಮನೆಯ ಕಂಪ್ಯೂಟರಿಗೆ ಮೋಡೆಮ್ ಜೋಡಿಸಿ ಜನ ಅದರೊಳಗೆ ಓಡಾಡುತ್ತಿದ್ದರು. ಪರದೆಯ ಮೇಲಿನ ಮನುಷ್ಯನನ್ನು ಅವತಾರ್ ಎಂದು ಕರೆದದ್ದು ಅಲ್ಲಿ. ಸ್ಟೀಫನ್‌ಸನ್ ತಾನೇ ಆ ಮಾತು ಕಟ್ಟಿದೆ ಎಂದುಕೊಂಡಿದ್ದು, ಆಮೇಲೆ ಹ್ಯಾಬಿಟಾಟ್ ತನಗಿಂತ ಮೊದಲೇ ಬಳಸಿತ್ತೆಂದು ಒಪ್ಪಿಕೊಂಡ.

ಹ್ಯಾಬಿಟಾಟ್ ಬಗ್ಗೆ ಅದನ್ನು ಕಟ್ಟಿದ ಚಿಪ್ ಮಾರ್ನಿಂಗ್‌ಸ್ಟಾರ್, ರಾಂಡಿ ಫಾರ್ಮರ್ ಬರೆದ ಒಂದು ಪ್ರಬಂಧವಿದೆ. ಕಾದಂಬರಿಗಿಂತ ರುಚಿ. ಒಂದು ಘಟನೆ ಕೇಳಿ. ಆ ಲೋಕದಲ್ಲಿ ವಸ್ತು ಮಾರುವ ಯಂತ್ರಗಳೂ ಇದ್ದವು, ವಸ್ತು ಕೊಳ್ಳುವ ಯಂತ್ರಗಳೂ ಇದ್ದವು. ಬೆಲೆ ಹಾಕುವಾಗ ಎಲ್ಲೋ ಎಡವಟ್ಟಾಯಿತು. ಊರಿನ ಒಂದು ತುದಿಯ ಯಂತ್ರದಲ್ಲಿ ಗೊಂಬೆ 75 ಟೋಕನ್‌ಗೆ ಸಿಗುತ್ತಿತ್ತು, ಇನ್ನೊಂದು ತುದಿಯ ಯಂತ್ರ ಅದೇ ಗೊಂಬೆಯನ್ನು 100ಕ್ಕೆ ಕೊಳ್ಳುತ್ತಿತ್ತು. ಕೆಲವರು ಇದನ್ನು ಪತ್ತೆ ಮಾಡಿ, ರಾತ್ರಿಯಿಡೀ ಗೊಂಬೆ ಹೊತ್ತು ಆ ತುದಿಗೂ ಈ ತುದಿಗೂ ಅಲೆದರು. ಕೈಯಲ್ಲಿ ಬಂಡವಾಳ ಕೂಡಿದ ಮೇಲೆ 18,000ಕ್ಕೆ ಕೊಂಡು 30,000ಕ್ಕೆ ಮಾರಬಹುದಾದ ಸ್ಫಟಿಕದ ಗೋಳಕ್ಕೆ ಇಳಿದರು. ಬೆಳಗಾಗುವಷ್ಟರಲ್ಲಿ ಇಡೀ ಲೋಕದ ಹಣ ಐದು ಪಟ್ಟಾಗಿತ್ತು. ನಡೆಸುವವರು ಮೊದಲು ಯಾವುದೋ ದೋಷವೆಂದು ತಲೆ ಕೆರೆದುಕೊಂಡರು. ಕೊನೆಗೆ ಆ ಹಣವನ್ನು ಅವರ ಬಳಿಯೇ ಬಿಟ್ಟರು. ಅವರೂ ಅದರಿಂದ ಊರಿನವರಿಗೆಲ್ಲ ನಿಧಿ ಹುಡುಕುವ ಆಟ ಏರ್ಪಡಿಸಿದರು. ಗೊಂಬೆ ಹೊತ್ತು ರಾತ್ರಿಯಿಡೀ ಓಡಾಡುವವರು ಯಾವ ವಿಜ್ಞಾನಕಥೆಯ ನಾಯಕರೂ ಅಲ್ಲ. ಆದರೆ ನಿಜವಾದ ಲೋಕಗಳಲ್ಲಿ ತುಂಬಿರುವವರು ಅವರೇ.

ತ್ರಿಲೋಕಸಂಚಾರಿ:

ಇವೆಲ್ಲ ನಮ್ಮಲ್ಲಿ ಯಾವಾಗಲೋ ಇದ್ದವು. ಅವತಾರ ಎಂಬ ಪದವೇ ನಮ್ಮದು. ಪರಕಾಯ ಪ್ರವೇಶ ಎಂದರೆ ಇನ್ನೇನು? ಶಂಕರರು ಅಮರುಕ ರಾಜನ ದೇಹ ಹೊಕ್ಕ ಕಥೆ ಓದಿ. ಶಿಷ್ಯರು ಗುಹೆಯಲ್ಲಿ ಅವರ ಮೂಲ ದೇಹವನ್ನು ಕಾಯುತ್ತಾ ಕುಳಿತಿದ್ದರು. ಲಾಗಿನ್, ಲಾಗ್‌ಔಟ್ ಎಲ್ಲ ಅದರಲ್ಲೇ ಇದೆ.

ಮಾತು ಕಡಿಮೆ:

ಪಾಸ್‌ವರ್ಡ್ ಮರೆತಿದ್ದರೆ?

ಸಂಧಿ ಸಮಾಸ:

ತ್ರಿಲೋಕಸಂಚಾರಿಯವರೇ, ಮೂವತ್ತೊಂದು ವರ್ಷ ಕನ್ನಡ ಪಾಠ ಮಾಡಿದ ಚಾಳಿ, ಸುಮ್ಮನಿರಲಾಗದು. ಪದ ನಮ್ಮದು, ಒಪ್ಪಿದೆ. ಹಾಗೆಂದು ಕಮಡೋರ್ 64 ನಮ್ಮದಾಗುವುದಿಲ್ಲ. ಅವತಾರ ಎಂದರೆ ಕೆಳಗಿಳಿದು ಬರುವುದು. ಮೇಲಿದ್ದವನು ನಮ್ಮ ಕಷ್ಟದ ನೆಲಕ್ಕೆ ಇಳಿಯುತ್ತಾನೆ. ಹಂದಿಯಾಗಿ ಮಣ್ಣು ಮೆತ್ತಿಕೊಳ್ಳುತ್ತಾನೆ, ರಾಮನಾಗಿ ಕಾಡು ಅಲೆಯುತ್ತಾನೆ. ಸೆಕೆಂಡ್ ಲೈಫ್‌ನವರು ಹೋಗುವುದು ಎದುರು ದಿಕ್ಕಿನಲ್ಲಿ. ಮಂಡಿನೋವಿನವರು ಅಲ್ಲಿ ಹಾರುತ್ತಾರೆ.

ಆದರೆ ಒಂದು ತಮಾಷೆ ಇದೆ. ಪುರಾಣದ ಅರ್ಥ ಬಿಡಿ, ನಮ್ಮ ಮನೆಮಾತಿನ ಅರ್ಥ ಹಿಡಿಯಿರಿ. ಮಳೆಯಲ್ಲಿ ನೆನೆದು, ಕೆಸರು ಮೆತ್ತಿಕೊಂಡು, ತಲೆ ಕೆದರಿಕೊಂಡು ಮನೆಗೆ ಬಂದ ಹುಡುಗನನ್ನು ತಾಯಿ ಬಾಗಿಲಲ್ಲೇ ನಿಲ್ಲಿಸಿ ಏನೆನ್ನುತ್ತಾಳೆ? “ಇದೇನೋ ನಿನ್ನ ಅವತಾರ!” ಅಲ್ಲಿ ವಿಷ್ಣುವೂ ಇಲ್ಲ, ವೈಕುಂಠವೂ ಇಲ್ಲ. ಹೊರಗೆ ಕಾಣುವ ವಿಚಿತ್ರ ರೂಪ ಎಂದಷ್ಟೇ ಅರ್ಥ. ಮೀಸೆ ತಿದ್ದಿಕೊಂಡು ಹೋಗಿ ರೂತ್ ಆಗಿ ನಿಂತ ಜಗಲಿಕಟ್ಟೆಯವರಿಗೆ ಈ ಬೈಗುಳ ಎಷ್ಟು ಚೆನ್ನಾಗಿ ಹೊಂದುತ್ತದೆ ನೋಡಿ! ಕಂಪ್ಯೂಟರಿನವರು ಸಂಸ್ಕೃತದಿಂದ ತೆಗೆದುಕೊಂಡೆವು ಎಂದುಕೊಂಡಿರಬಹುದು, ಅವರು ಮುಟ್ಟಿದ್ದು ನಮ್ಮ ತಾಯಂದಿರ ಕನ್ನಡವನ್ನು.

ಇನ್ನೊಂದು. 2022ರ ಫೆಬ್ರವರಿಯಲ್ಲಿ ತಮಿಳುನಾಡಿನ ಒಂದು ಜೋಡಿ ಮದುವೆಯ ಆರತಕ್ಷತೆಯನ್ನು ಇಂಥದೊಂದು ಲೋಕದಲ್ಲಿ ಇಟ್ಟುಕೊಂಡದ್ದು ಪತ್ರಿಕೆಗಳಲ್ಲೆಲ್ಲ ಬಂದಿತ್ತು. ವಧುವಿನ ತಂದೆ ಆ ಹೊತ್ತಿಗಾಗಲೇ ತೀರಿಕೊಂಡಿದ್ದರು. ಅವರ ರೂಪವನ್ನೂ ಮಾಡಿಸಿ, ಅವರಿಂದ ಆಶೀರ್ವಾದ ಮಾಡಿಸಿದರು. ಅವತಾರ ಮುಗಿಸಿದವರು ಅವತಾರವಾಗಿ ಬಂದರು. ಇದನ್ನು ಓದಿದ ದಿನ ನನಗೆ ನಗಬೇಕೋ ಕಣ್ಣೊರೆಸಿಕೊಳ್ಳಬೇಕೋ ತಿಳಿಯಲಿಲ್ಲ, ಈಗಲೂ ತಿಳಿದಿಲ್ಲ.

ಮಾತು ಕಡಿಮೆ:

ಮಾಲ್ ಒಂದರಲ್ಲಿ ಆ ಕನ್ನಡಕ ತಲೆಗೆ ಹಾಕಿಸಿಕೊಂಡೆ. ಎರಡೇ ನಿಮಿಷ. ವಾಂತಿ ಬಂದ ಹಾಗಾಯಿತು. ಇದನ್ನು ಯಾವ ಕಾದಂಬರಿಯಲ್ಲಿ ಬರೆದಿದ್ದಾರೆ?

ಬಾಗಿಲು ಬಡಗಿ:

ಮಾತು ಕಡಿಮೆಯವರೇ, ಅದು ನಿಮ್ಮ ತಪ್ಪಲ್ಲ. ಕಣ್ಣು ‘ನಾನು ಓಡುತ್ತಿದ್ದೇನೆ’ ಎನ್ನುತ್ತದೆ, ಕಿವಿಯೊಳಗಿನ ಸಮತೋಲನದ ಅಂಗ ‘ಸುಮ್ಮನೆ ನಿಂತಿದ್ದೀಯೆ’ ಎನ್ನುತ್ತದೆ. ಘಾಟಿಯ ಬಸ್ಸಿನಲ್ಲಿ ಪುಸ್ತಕ ಓದಿದರೆ ಆಗುವುದೂ ಇದೇ ಜಗಳ. ಕತ್ತು ತಿರುಗಿಸಿದ ಮೇಲೆ ಚಿತ್ರ ತಿರುಗುವುದು ಒಂದಿಷ್ಟು ತಡವಾದರೂ ಸಾಕು, ಹೊಟ್ಟೆ ತೊಳಸುತ್ತದೆ. ಕಾದಂಬರಿಯ ನಾಯಕರಿಗೆ ಹೊಟ್ಟೆ ಗಟ್ಟಿ.

ನನ್ನ ಪರಿಚಯ ಹೇಳಿಬಿಡುತ್ತೇನೆ. ನಾನು ಬೆಂಗಳೂರಿನಲ್ಲಿ, ಹೊರದೇಶದ ಆಟಗಳಿಗೆ ಚಿತ್ರಕೆಲಸ ಮಾಡಿಕೊಡುವ ಒಂದು ಸಂಸ್ಥೆಯಲ್ಲಿ ಮೂರು ವರ್ಷ ಬಾಗಿಲು ಮಾಡಿದವನು. ಬಾಗಿಲು ಮಾತ್ರ. ಪಕ್ಕದವನು ಪೀಪಾಯಿ, ಅವನ ಪಕ್ಕದವಳು ಬಂಡೆಗಲ್ಲು. ಯಾವ ಲೋಕದ ಬಾಗಿಲು, ಅದರ ಹಿಂದೆ ಯಾರಿರುತ್ತಾರೆ, ನಮಗೆ ಹೇಳುತ್ತಿರಲಿಲ್ಲ. ಮರದ ನರ ಹೇಗಿರಬೇಕು, ತುಕ್ಕು ಎಷ್ಟಿರಬೇಕು ಎಂಬ ಫೋಟೋ ಬರುತ್ತಿತ್ತು, ಅಷ್ಟೇ. ಒಂದೇ ಬಾಗಿಲನ್ನು ನಾಲ್ಕು ಸಲ ಮಾಡಬೇಕು. ಹತ್ತಿರದಿಂದ ನೋಡುವವರಿಗೆ ಸಾವಿರಾರು ಪುಟ್ಟ ತ್ರಿಕೋನಗಳನ್ನು ಜೋಡಿಸಿ ಮಾಡಿದ ಬಾಗಿಲು: ಚಿಲಕದ ತಿರುಪು, ಕೈ ತಾಗಿ ತಾಗಿ ನುಣುಪಾದ ಅಂಚು. ಹಿಂದೆ ಹಿಂದೆ ಸರಿದಂತೆ ಸರಳ. ಕೊನೆಯದು ಬರೀ 12 ತ್ರಿಕೋನಗಳ ಹಲಗೆ. ನೀವು ಮುಂದೆ ನಡೆದಂತೆ ಅವು ಸದ್ದಿಲ್ಲದೆ ಬದಲಾಗುತ್ತವೆ. ಬದಲಾದದ್ದು ಯಾರಿಗೂ ಗೊತ್ತಾಗಬಾರದು, ನಮ್ಮ ಕಸುಬೇ ಅದು.

‘ಸ್ನೋ ಕ್ರ್ಯಾಶ್’ ನಾನೂ ಓದಿದ್ದೇನೆ. ಅದರ ನಾಯಕ ಒಳಗೆ ಬೀದಿಯ ಬಳಿ ಮನೆ ಇರುವ ದೊಡ್ಡ ಮನುಷ್ಯ. ಹೊರಗೆ, ಸಾಮಾನು ತುಂಬಿಡಲು ಬಾಡಿಗೆಗೆ ಕೊಡುವ ಗೋದಾಮಿನ ಒಂದು ಕೋಣೆಯಲ್ಲಿ ಇನ್ನೊಬ್ಬನ ಜೊತೆ ಮಲಗುತ್ತಾನೆ, ಪಿಜ್ಜಾ ಹಂಚುತ್ತಾನೆ. ಸಾರ್ವಜನಿಕ ಯಂತ್ರದಿಂದ ಬಂದ ಬಡವರು ಬೀದಿಯಲ್ಲಿ ಕಪ್ಪು ಬಿಳುಪಿನಲ್ಲಿ ಕಾಣುತ್ತಾರೆ. ಜಗಲಿಯವರು 256 ಕೆಬಿಪಿಎಸ್‌ನಲ್ಲಿ ಬೂದು ಲೋಕ ನೋಡಿದ್ದನ್ನು ಓದಿದಾಗ ನನಗೆ ನೆನಪಾದದ್ದು ಆ ಕಪ್ಪು ಬಿಳುಪಿನವರು. ಕನ್ನಡಕ, ಕತ್ತಿವರಸೆ ಎಲ್ಲ ಬಿಡಿ, ಆ ಪುಸ್ತಕ ಸರಿಯಾಗಿ ಗುರಿ ಹೊಡೆದ ಜಾಗ ಇದು.

ಅದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಒಳಗಿನ ದೊಡ್ಡ ಕ್ಲಬ್ಬಿಗೆ ಜನ ಮುಗಿಬೀಳಲು ಕಾರಣ ಕಟ್ಟಡದ ಅಂದವಲ್ಲ, ಮುಖಗಳು. ಹುಬ್ಬು ಏರಿದ್ದು, ತುಟಿ ಬಿಗಿದದ್ದು ಸರಿಯಾಗಿ ಕಾಣುವಂತೆ ಒಬ್ಬ ಹೆಣ್ಣುಮಗಳು ಕೆಲಸ ಮಾಡಿರುತ್ತಾಳೆ. ಫೇಸ್‌ಬುಕ್ ಕಂಪನಿ 2021ರ ಅಕ್ಟೋಬರ್ 28ರಂದು ಮೆಟಾ ಎಂದು ಹೆಸರು ಬದಲಿಸಿಕೊಂಡಿತಲ್ಲ, ಅವರ ಲೋಕದಲ್ಲಿ ಜನರಿಗೆ ಕಾಲೇ ಇರಲಿಲ್ಲ. ಕನ್ನಡಕದ ಕ್ಯಾಮೆರಾಗಳಿಗೆ ಧರಿಸಿದವನ ಕಾಲು ನೆಟ್ಟಗೆ ಕಾಣುವುದಿಲ್ಲ. ಊಹೆಯ ಮೇಲೆ ಕಾಲು ಕೊಟ್ಟರೆ ಅದು ಎಲ್ಲೋ ಮಡಚಿಕೊಳ್ಳುತ್ತದೆ. ಅದಕ್ಕೆ ಸೊಂಟದ ಮೇಲಿನವರನ್ನಷ್ಟೇ ತೇಲಿಬಿಟ್ಟರು. 2022ರಲ್ಲಿ ಈ ಲೋಕ, ಕನ್ನಡಕಗಳ ವಿಭಾಗ ಒಂದರಲ್ಲೇ ಆ ಕಂಪನಿಗೆ 1,370 ಕೋಟಿ ಡಾಲರ್ ನಷ್ಟ. ತೊಗಲುಗೊಂಬೆಯವರು ಒಂದು ಕಡ್ಡಿಯಲ್ಲಿ ಹನುಮಂತನನ್ನು ಕುಣಿಸುತ್ತಾರೆ, ಕಾಲು ಸಮೇತ.

ಹೊಂಗೆ ನೆರಳು:

ನಾನು ಈ ಪುಸ್ತಕಗಳನ್ನು ಓದಿಲ್ಲ. ಆದರೂ ಜಗಲಿಕಟ್ಟೆಯವರ ಪ್ರಶ್ನೆ ನಮ್ಮ ಮನೆಯಲ್ಲೇ ಎದ್ದಿದೆ, ಹೇಳುತ್ತೇನೆ.

ಮಗಳು ಆರನೇ ತರಗತಿ. ಎರಡು ವರ್ಷದಿಂದ ಒಂದು ಆಟದಲ್ಲಿ ಮನೆ ಮಾಡಿಕೊಂಡಿದ್ದಳು. ಬಾಲ್ಕನಿಯಲ್ಲಿ ತುಳಸಿಯಂಥ ಒಂದು ಗಿಡ, ಒಳಗೆ ಬೆಕ್ಕು. ಅವಳ ಅಜ್ಜಿಗೆ ಹುಷಾರಿಲ್ಲದೆ ನಾನು ಊರಿನಲ್ಲೇ ಉಳಿದಿದ್ದ ದಿನಗಳಲ್ಲಿ ಇಬ್ಬರೂ ಸಂಜೆ ಅಲ್ಲೇ ಸಿಗುತ್ತಿದ್ದೆವು. ನನಗೆ ನಡೆಯಲು ಬರುತ್ತಿರಲಿಲ್ಲ, ಗೋಡೆಗೆ ಡಿಕ್ಕಿ ಹೊಡೆಯುತ್ತಿದ್ದೆ. “ಅಮ್ಮಾ, ಈ ಕಡೆ” ಎಂದು ಅವಳು ಮುಂದೆ ಮುಂದೆ ಕುಣಿಯುತ್ತಾ ಕರೆದುಕೊಂಡು ಹೋಗುತ್ತಿದ್ದಳು. ಹೋದ ವರ್ಷ ಒಂದು ದಿನ ಒಳಗೆ ಹೋದರೆ ಪರದೆಯ ಮೇಲೆ ನಾಲ್ಕು ಸಾಲು: ಇಂಥ ತಾರೀಖಿನಿಂದ ಸೇವೆ ಇರುವುದಿಲ್ಲ. ಕಷ್ಟಪಟ್ಟು ನಿಯಮಗಳ ಪುಟ ಓದಿದೆ. ಅಲ್ಲಿ ಕೊಂಡದ್ದು ಯಾವುದೂ ನಮ್ಮದಲ್ಲ, ಬಳಸಲು ಕೊಟ್ಟ ಅನುಮತಿ ಮಾತ್ರವಂತೆ. ಬೆಕ್ಕೂ ಅನುಮತಿಯೇ.

ಕೊನೆಯ ರಾತ್ರಿ ಹತ್ತೂವರೆಯವರೆಗೂ ಅವಳನ್ನು ಎದ್ದಿರಲು ಬಿಟ್ಟೆ. ಬೆಕ್ಕನ್ನು ಎಲ್ಲಿ ಕೂರಿಸಿ ಬರಬೇಕು ಎಂದು ಅವಳಿಗೆ ಗೊಂದಲ. ಕೊನೆಗೆ ಬಾಲ್ಕನಿಯಲ್ಲಿ ಕೂರಿಸಿದಳು.

ಇಂಥದ್ದಕ್ಕೆ ದೂರು ಕೊಡುವ ಜಾಗ ಯಾವುದೂ ಇಲ್ಲವೇ? ನಮ್ಮ ಬಡಾವಣೆಯ ಪಾರ್ಕಿನಲ್ಲಿ ಒಂದು ಮರ ಕಡಿಯಲು ಬಂದರೂ ಹತ್ತು ಜನ ಅಡ್ಡ ನಿಲ್ಲುತ್ತೇವೆ.

ಪುಸ್ತಕದ ಹುಳು:

ಮೇಡಂ, ಅಡ್ಡ ನಿಂತವರು ಇದ್ದಾರೆ. ಸಿಟಿ ಆಫ್ ಹೀರೋಸ್ ಎಂಬ ಲೋಕವನ್ನು ಮುಚ್ಚುತ್ತೇವೆ ಎಂದು 2012ರಲ್ಲಿ ಸುದ್ದಿ ಬಂದಾಗ ಆಟಗಾರರು ಅದರೊಳಗಿನ ಅಟ್ಲಾಸ್ ಪಾರ್ಕ್‌ನಲ್ಲಿ ಪಂಜು ಹಿಡಿದು ಗುಂಪು ಸೇರಿದರು. ಪ್ರಯೋಜನವಾಗಲಿಲ್ಲ, ನವೆಂಬರ್ 30ಕ್ಕೆ ದೀಪ ಆರಿತು. ಆದರೆ ಯಾರೋ ಅದರ ಸರ್ವರ್ ಅನ್ನು ಗುಟ್ಟಾಗಿ ಬದುಕಿಸಿಕೊಂಡಿದ್ದದ್ದು 2019ರಲ್ಲಿ ಬಯಲಾಯಿತು. ದೊಡ್ಡ ಗಲಾಟೆಯಾಯಿತು. ಆಮೇಲೆ ಸ್ವಯಂಸೇವಕರ ತಂಡವೊಂದು ಅದನ್ನು ತೆರೆದು ನಡೆಸಿತು. 2024ರ ಜನವರಿಯಲ್ಲಿ ಮೂಲ ಕಂಪನಿಯೇ ಆ ತಂಡಕ್ಕೆ ಪರವಾನಗಿ ಕೊಟ್ಟಿತು. ಖರ್ಚು ದೇಣಿಗೆಯಿಂದ.

ಜಗಲಿಯವರ ತಲೆಬರಹಕ್ಕೂ ಇಲ್ಲೇ ಉತ್ತರ ಕೊಡುತ್ತೇನೆ. ಪಂಚಾಯಿತಿ ಬರಲಿಲ್ಲ ಎನ್ನಬೇಡಿ, ಬಂದಿತ್ತು. ಲ್ಯಾಂಬ್ಡಾಮೂ ಎಂಬ ಅಕ್ಷರಗಳ ಲೋಕವನ್ನು ಜೆರಾಕ್ಸ್ ಸಂಸ್ಥೆಯ ಪಾವೆಲ್ ಕರ್ಟಿಸ್ 1990ರಲ್ಲಿ ತೆರೆದ. ಅದನ್ನು ನಡೆಸುವವರನ್ನು ಮಾಂತ್ರಿಕರು ಎನ್ನುತ್ತಿದ್ದರು. ದಿನಾ ಜನರ ಜಗಳ ಬಿಡಿಸಿ ಸಾಕಾಗಿ, ಇನ್ನು ಮುಂದೆ ಯಂತ್ರದ ರಿಪೇರಿ ಮಾತ್ರ ನಮ್ಮದು, ಊರಿನ ನ್ಯಾಯ ನೀವೇ ನೋಡಿಕೊಳ್ಳಿ ಎಂದು 1992ರ ಕೊನೆಗೆ ಕೈ ತೊಳೆದುಕೊಂಡರು. ಸ್ವಲ್ಪ ದಿನಕ್ಕೇ ಒಬ್ಬ ಅಲ್ಲಿಯ ಹೆಂಗಸರ ಪಾತ್ರಗಳನ್ನು ತನ್ನ ಹಿಡಿತಕ್ಕೆ ತಂದು ಎಲ್ಲರೆದುರು ಅವಮಾನಿಸಿದ. ಬರೀ ಅಕ್ಷರಗಳಲ್ಲಿ ನಡೆದದ್ದಾದರೂ ನೋವು ನಿಜವಾಗಿತ್ತು. ಇಡೀ ಊರು ಒಂದು ಕಡೆ ಸೇರಿ ಗಂಟೆಗಟ್ಟಲೆ ಚರ್ಚಿಸಿತು, ತೀರ್ಮಾನಕ್ಕೆ ಬರಲಿಲ್ಲ. ಕೊನೆಗೆ ಒಬ್ಬ ಮಾಂತ್ರಿಕ ತಾನಾಗಿಯೇ ಆ ಪಾತ್ರವನ್ನು ಅಳಿಸಿಹಾಕಿದ. ಆಮೇಲೆ ಅರ್ಜಿ, ಸಹಿ ಸಂಗ್ರಹ, ಮತದಾನ ಎಲ್ಲವೂ ಜಾರಿಗೆ ಬಂದವು. ನಿಜವಾದ ಪಂಚಾಯಿತಿ. 1996ರಲ್ಲಿ ಮಾಂತ್ರಿಕರು ಮತ್ತೆ ಪ್ರಕಟಣೆ ಹೊರಡಿಸಿದರು: ಇದು ಆಗದ ಮಾತು, ಸಾಮಾಜಿಕ ನಿರ್ಧಾರಗಳಿಂದ ನಾವು ದೂರ ಉಳಿಯಲು ಸಾಧ್ಯವಿಲ್ಲ.

ರಾತ್ರಿಪಾಳಿ:

ಈವ್‌ನಲ್ಲೂ ಇದೆ. 2008ರಿಂದ ಆಟಗಾರರೇ ಮತ ಹಾಕಿ ಒಂದು ಸಮಿತಿ ಆರಿಸುತ್ತೇವೆ. ಆರಿಸಿ ಬಂದವರನ್ನು ಕಂಪನಿ ಐಸ್‌ಲ್ಯಾಂಡಿಗೆ ಕರೆಸಿಕೊಂಡು ಮಾತು ಕೇಳಿಸಿಕೊಳ್ಳುತ್ತದೆ. ಕೇಳಿಸಿಕೊಳ್ಳುತ್ತದೆ, ಅಷ್ಟೇ. ಪಂಚಾಯಿತಿಗೆ ಕಟ್ಟೆ ಇದೆ, ಮುದ್ರೆ ಇಲ್ಲ. ರೇಕ್ಯಾವಿಕ್‌ನ ಬಂದರಿನ ಬಳಿ ಆಟಗಾರರ ಹೆಸರು ಕೆತ್ತಿದ ಒಂದು ಸ್ಮಾರಕವನ್ನೂ 2014ರಲ್ಲಿ ನಿಲ್ಲಿಸಿದ್ದಾರೆ. ಬಿಲ್ ಕಟ್ಟಲು ಮರೆತವರದ್ದೂ ಅದರಲ್ಲಿ ಇರಬೇಕು.

ತ್ರಿಲೋಕಸಂಚಾರಿ:

ಮೇಡಂ ಅವರ ಬೆಕ್ಕಿನ ಮಾತು ಓದಿದ ಮೇಲೆ ಪುರಾಣ ಹೇಳುವ ಉತ್ಸಾಹ ಇಳಿಯಿತು. ಸಂಧಿ ಸಮಾಸದ ಮೇಷ್ಟ್ರಿಗೆ ನಮಸ್ಕಾರ.

ಜಗಲಿಕಟ್ಟೆ:

ತಲೆಬರಹ ಬದಲಿಸುವುದಿಲ್ಲ, ಆದರೆ ಅರ್ಧ ಸೋತೆ. ಪಂಚಾಯಿತಿ ಬಂದಿತ್ತು, ನಡೆಸುವವರೇ ಮನೆಗೆ ಕಳಿಸಿದರು ಎಂದು ಓದಿಕೊಳ್ಳಿ. ಲಿಂಡೆನ್ ಲ್ಯಾಬ್ ಕೂಡ ಒಮ್ಮೆ ಬಾಗಿಲನ್ನು ಅರ್ಧ ತೆರೆದಿತ್ತು. 2007ರ ಜನವರಿಯಲ್ಲಿ ಆ ಲೋಕವನ್ನು ನಮ್ಮ ಪರದೆಯ ಮೇಲೆ ತೋರಿಸುವ ವೀಕ್ಷಕ ತಂತ್ರಾಂಶದ ಮೂಲ ಕೋಡನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ಅದೇ ವರ್ಷ ಹೊರಗಿನವರು ಓಪನ್‌ಸಿಮ್ಯುಲೇಟರ್ ಎಂಬ ಮುಕ್ತ ಸರ್ವರ್ ಶುರು ಮಾಡಿದರು. 2008ರ ಜುಲೈನಲ್ಲಿ ಐಬಿಎಂ ಜೊತೆ ಸೇರಿ, ಒಂದು ಲೋಕದ ಅವತಾರವನ್ನು ಇನ್ನೊಂದು ಕಂಪ್ಯೂಟರಿನ ಲೋಕಕ್ಕೆ ಕಳಿಸಿಯೂ ತೋರಿಸಿದರು. ಜೊತೆಗೆ ಆಸ್ತಿಪಾಸ್ತಿ ಏನೂ ಹೋಗಲಿಲ್ಲ, ಬರಿಗೈಯ ಪ್ರಯಾಣ. ಆ ದಾರಿ ಅಗಲವಾಗಿದ್ದರೆ ಹೊಂಗೆ ನೆರಳು ಅವರ ಮಗಳ ಬೆಕ್ಕು ಇನ್ನೊಂದು ಬಾಲ್ಕನಿಗೆ ಹೋಗಬಹುದಿತ್ತೋ ಏನೋ.

ನಿನ್ನೆ ರಾತ್ರಿ ಸೆಕೆಂಡ್ ಲೈಫ್‌ಗೆ ಹೋಗಿ ಬಂದೆ. ಗುಪ್ತಪದ ನೆನಪಿತ್ತು (ಮಾತು ಕಡಿಮೆಯವರು ಗಮನಿಸಬೇಕು). ಅಲ್ಲಿ ನಾಲ್ಕು ಗಂಟೆಗೆ ಒಂದು ದಿನ: ಮೂರು ಗಂಟೆ ಹಗಲು, ಒಂದು ಗಂಟೆ ಇರುಳು. ನಾನಿಳಿದಾಗ ಮುಸ್ಸಂಜೆ. ಈಗಿನ ಸಂಪರ್ಕದಲ್ಲಿ ಬೂದು ಬಣ್ಣ ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯ. ಮೀಸೆ ಹಾಗೇ ಇತ್ತು, 2007ರ ಕೋಟೂ ಇತ್ತು. ಪಕ್ಕದಲ್ಲಿ ನಿಂತಿದ್ದವರ ಮುಂದೆ ನಾನು ಹಳೆಯ ಮದುವೆ ಆಲ್ಬಮ್ಮಿನಿಂದ ಎದ್ದು ಬಂದವನ ಹಾಗೆ ಕಾಣುತ್ತಿದ್ದೆ. ಹಳೆಯ ಜಾಗಕ್ಕೆ ಹೋದರೆ ಅಲ್ಲಿ ಯಾರದೋ ದೋಣಿಮನೆ. ತಪ್ಪು ನನ್ನದೇ: ಆಗ ಪರೀಕ್ಷೆಯ ಗಡಿಬಿಡಿಯಲ್ಲಿ ಬಾಡಿಗೆ ಪೆಟ್ಟಿಗೆಗೆ ಹಣ ಹಾಕುವುದನ್ನು ಎರಡು ವಾರ ಮರೆತಿದ್ದೆ.

ಜಗಲಿ ಮಾತ್ರ ಕಳೆದಿರಲಿಲ್ಲ. ಜಾಗ ತಪ್ಪಿದವರ ವಸ್ತುಗಳನ್ನು ಆ ಲೋಕ ಅವರ ಚೀಲದೊಳಗೆ, ಕಳೆದು ಸಿಕ್ಕಿದ್ದು ಎಂಬ ಒಂದು ಕಡತಕ್ಕೆ ಹಾಕಿಡುತ್ತದೆ. ಮುಂಡಿಗೆ, ಮಾಡು, ಮೆಟ್ಟಿಲು ಎಲ್ಲ ಅಲ್ಲಿದ್ದವು. ಯಾರು ಬೇಕಾದರೂ ಕಟ್ಟಿ ನೋಡಬಹುದಾದ ಮರಳಿನ ಬಯಲೊಂದಕ್ಕೆ ಹೋಗಿ ಹರಡಿ ನಿಲ್ಲಿಸಿದೆ. ಈಗಲೂ ಬಾಗಿಲಿಲ್ಲ.

ಬಾಗಿಲು ಬಡಗಿ:

ಜಗಲಿಯವರೇ, ಬಾಗಿಲಿಗೆ ಒಂದೇ ಪ್ರಿಮ್ ಸಾಕಿತ್ತು! ಆಗ ಯಾರೂ ಹೇಳಿಕೊಡಲಿಲ್ಲವೇ? ಅಲ್ಲಿ ಪೆಟ್ಟಿಗೆಯನ್ನು ತಿರುಗಿಸಿದರೆ ಅದು ನಡುಮಧ್ಯದ ಸುತ್ತ ಗಿರಗಿಟ್ಟಲೆಯ ಹಾಗೆ ತಿರುಗುತ್ತದೆ, ಬಾಗಿಲಾಗುವುದಿಲ್ಲ. ಅದಕ್ಕೆ ಎರಡು ಪಟ್ಟು ಅಗಲದ ಹಲಗೆ ಮಾಡಿ, ಅರ್ಧ ಕತ್ತರಿಸಬೇಕು. ಉಳಿದ ಅರ್ಧದ ಅಂಚಿಗೆ ನಡುಬಿಂದು ಬರುತ್ತದೆ, ಅದೇ ಕೀಲು. ಮುಟ್ಟಿದರೆ ತೊಂಬತ್ತು ಡಿಗ್ರಿ ತಿರುಗುವ ನಾಲ್ಕು ಸಾಲಿನ ಸ್ಕ್ರಿಪ್ಟ್ ಹಾಕಿದರೆ ಮುಗಿಯಿತು.

ಶನಿವಾರ ರಾತ್ರಿ ಒಂಬತ್ತಕ್ಕೆ ಆ ಮರಳಿನ ಬಯಲಿಗೆ ಬರುತ್ತೇನೆ, ಜಾಗದ ಗುರುತು ಕಳಿಸಿ. ಮಲೆನಾಡಿನ ಮನೆಯ ಬಾಗಿಲು ಎಂದಿರಿ, ಹಾಗಾದರೆ ಎರಡು ಹಲಗೆಯದ್ದು ತಾನೇ? ಒಳಗೆ ತೆರೆಯಬೇಕೋ ಹೊರಗೋ?

ಹೊಂಗೆ ನೆರಳು:

ನಾವೂ ಬರಬಹುದೇ? ಮಗಳಿಗೆ ವಯಸ್ಸು ಸಾಲದಂತೆ, ನನ್ನ ಹೆಸರಿನಲ್ಲಿ ನಾನೇ ಹೋಗುತ್ತೇನೆ, ಅವಳು ಪಕ್ಕದಲ್ಲಿ ಕೂತು ದಾರಿ ಹೇಳುತ್ತಾಳೆ. ನನಗೆ ಈಗಲೂ ಗೋಡೆಗೆ ಡಿಕ್ಕಿ ಹೊಡೆಯದೆ ನಡೆಯಲು ಬರುವುದಿಲ್ಲ.

ಜಗಲಿಕಟ್ಟೆ:

ಬನ್ನಿ. ಒಳಗೆ ತೆರೆಯುವ ಬಾಗಿಲು, ಎರಡು ಹಲಗೆ. ಮಧ್ಯದಲ್ಲಿ ಅಗುಳಿ ಇರಲಿ.